ಮೆಲ್ಲಗೆ ಇಳಿದ ಮುಡಿಪು

ರುಕ್ಮಯ್ಯ ಮಾಸ್ಟ್ರಿಗೆ ವಿಜ್ಞಾನ ಹಿಡಿದದ್ದು ಮಂಗಳೂರಿನಲ್ಲಿ. ಅದಕ್ಕೆ ಮೊದಲು ಅವರೂ ನಮ್ಮೆಲ್ಲರ ಹಾಗೆ ಒಳ್ಳೆಯ ಮನುಷ್ಯರಾಗಿಯೇ ಇದ್ದರು.

ರಷ್ಯಾದವರು ಆಕಾಶಕ್ಕೆ ಒಂದು ಲೋಹದ ಗುಂಡು ಹಾರಿಸಿ ಲೋಕವೆಲ್ಲ ಕತ್ತೆತ್ತಿ ನೋಡುವ ಹಾಗೆ ಮಾಡಿದ್ದರಲ್ಲ, ಅದರ ಮರುವರ್ಷದ ಬೇಸಿಗೆ ರಜೆಯಲ್ಲಿ ನಮ್ಮ ಸರಕಾರಕ್ಕೂ ಎಚ್ಚರವಾಯಿತು. ಶಾಲೆಗೊಬ್ಬ ಮಾಸ್ಟ್ರು ಮಂಗಳೂರಿಗೆ ಬಂದು ವಿಜ್ಞಾನದ ತರಬೇತಿ ಪಡೆಯಬೇಕೆಂದು ಅಪ್ಪಣೆ ಬಂತು. ಗುರುವಾಯನಕೆರೆಯ ಹತ್ತಿರದ ನಮ್ಮ ಶಾಲೆಯಲ್ಲಿ ರಜೆಯ ದಿನ ಮನೆ ಬಿಡಲು ಯಾರಿಗೂ ಮನಸ್ಸಿರಲಿಲ್ಲ. ಹೆಡ್ ಮಾಸ್ಟ್ರಿಗೆ ಮೂಲವ್ಯಾಧಿ. ಮಕ್ಕಳಿಗೆ ತಕಲಿಯಲ್ಲಿ ನೂಲು ತೆಗೆಯಲು ಕಲಿಸುವ ನನಗೆ ತಂಗಿಯ ಮದುವೆ. ಉಳಿದವರು ಐದನೆಯ ಕ್ಲಾಸಿನ ರುಕ್ಮಯ್ಯ ಮಾಸ್ಟ್ರು. ಯಾರು ಏನು ಹೇಳಿದರೂ 'ಆಯ್ತು' ಎನ್ನುವ ಸ್ವಭಾವದವರಾದ್ದರಿಂದ ಅವರೇ ಹೋದರು.

ಹೋದವರು ಬೇರೆಯೇ ಮನುಷ್ಯರಾಗಿ ಬಂದರು. ಎಲ್ಲಿ ಏನು ಬಿದ್ದರೂ ಅವರಿಗೆ ಸಂತೋಷ. ಊಟದ ಪಂಕ್ತಿಯಲ್ಲಿ ಯಾರದೋ ಕೈಯಿಂದ ಸೌಟು ಜಾರಿದರೆ, "ಗುರುತ್ವಾಕರ್ಷಣೆ" ಎಂದು ತಲೆಯಾಡಿಸುವರು. ಒಂದು ದಿನ ಬಾವಿಕಟ್ಟೆಯಲ್ಲಿದ್ದ ಅವರ ಹೆಂಡತಿ ಪದ್ಮಾಕ್ಷಿಯ ಪಕ್ಕದಲ್ಲೇ ತೆಂಗಿನಕಾಯಿಯೊಂದು ದೊಪ್ಪನೆ ಬಿತ್ತು. ಮಾಸ್ಟ್ರು ಓಡಿ ಬಂದು, ಕಾಯಿ ಯಾಕೆ ಮೇಲಕ್ಕೆ ಹೋಗದೆ ಕೆಳಗೆ ಬಂತೆಂದು ಮೊದಲು ವಿವರಿಸಿ, ಆಮೇಲೆ ಪೆಟ್ಟಾಯಿತಾ ಎಂದು ಕೇಳಿದರು. ಆ ದಿನ ಮಧ್ಯಾಹ್ನ ಅವರಿಗೆ ಗಂಜಿಯ ಜೊತೆ ಚಟ್ನಿ ಸಿಗಲಿಲ್ಲ.

ಇದೆಲ್ಲ ಮನೆಯೊಳಗೇ ಇದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಪುಷ್ಯ ಮಾಸದಲ್ಲಿ ಇನ್‌ಸ್ಪೆಕ್ಟರು ಶಾಲೆಯ ತಪಾಸಣೆಗೆ ಬರುತ್ತಾರೆಂದೂ, ತರಬೇತಿ ಪಡೆದ ಮಾಸ್ಟ್ರು ಪ್ರಯೋಗ ಮಾಡಿ ಪಾಠ ಮಾಡುವುದನ್ನು ಕಣ್ಣಾರೆ ನೋಡುತ್ತಾರೆಂದೂ ಸುದ್ದಿ ಬಂತು. ರುಕ್ಮಯ್ಯ ಮಾಸ್ಟ್ರಿಗೆ ನಿದ್ದೆ ಹಾರಿತು. ಇನ್‌ಸ್ಪೆಕ್ಟರ ಭಯಕ್ಕಿಂತ ಹೆಚ್ಚಿನದು ನಮ್ಮ ಮೆನೇಜರ ಭಯ.

ಮೆನೇಜರು ಎಂದರೆ ಸುಬ್ಬಪ್ಪನವರು. ಗುರುವಾಯನಕೆರೆ ಪೇಟೆಯಲ್ಲಿ ಅವರದು ಜೀನಸಿನ ಅಂಗಡಿ. ಶಾಲೆ ಅವರ ತಂದೆ ಕಟ್ಟಿಸಿದ್ದು. ಸಂಬಳಕ್ಕೆ ಸರಕಾರದ ಸಹಾಯ ಬರುತ್ತಿತ್ತಾದರೂ, ಮಾಸ್ಟ್ರನ್ನು ಸೇರಿಸುವವರೂ ಅವರೇ, 'ನಾಳೆಯಿಂದ ಬರುವುದು ಬೇಡ' ಎನ್ನುವವರೂ ಅವರೇ. ನಮ್ಮ ಡ್ರಿಲ್ ಮಾಸ್ಟ್ರು ಕೆಲಸ ಕಳೆದುಕೊಂಡದ್ದು ಮಕ್ಕಳಿಗೆ ಹೊಡೆದದ್ದಕ್ಕಲ್ಲ; ಸುಬ್ಬಪ್ಪನವರ ಎಮ್ಮೆಯನ್ನು ಶಾಲೆಯ ಅಂಗಳದಿಂದ ಓಡಿಸಿದ್ದಕ್ಕೆ. ಸಾಲದ್ದಕ್ಕೆ ರುಕ್ಮಯ್ಯ ಮಾಸ್ಟ್ರು ಇದ್ದ ಬಿಡಾರವೂ ಸುಬ್ಬಪ್ಪನವರದ್ದೇ. ಕೆಲಸ ಹೋದರೆ ತಲೆಯ ಮೇಲಿನ ಮಾಡೂ ಹೋಯಿತು.

"ಮಾರಾಯ್ರೇ, ಪ್ಯಾರಾಚೂಟು ಮಾಡುವ," ಎಂದು ಮಾಸ್ಟ್ರು ಒಂದು ದಿನ ನನ್ನ ಹತ್ತಿರ ಬಂದರು. "ಖಾಲಿ ಕಲ್ಲು ದಡಕ್ಕ ಅಂತ ಬೀಳ್ತದೆ. ಅದೇ ಕಲ್ಲನ್ನು ಬಟ್ಟೆಗೆ ಕಟ್ಟಿ ಬಿಟ್ಟರೆ ಗಾಳಿ ತಡೀತದೆ, ಮೆಲ್ಲಗೆ ಇಳೀತದೆ. ಮಕ್ಕಳಿಗೆ ಎರಡೂ ಒಟ್ಟಿಗೆ ಅರ್ಥ ಆಗ್ತದೆ. ನಿಮ್ಮ ನೂಲು ಸ್ವಲ್ಪ ಬೇಕಿತ್ತು."

ನಮ್ಮ ಮಕ್ಕಳು ತೆಗೆದ ನೂಲಿನ ಗುಣ ನನಗೆ ಗೊತ್ತು. ಜೋರಾಗಿ ಕೆಮ್ಮಿದರೆ ಕಡಿಯುವಂಥದು. ಆದರೂ ನಮ್ಮ ನೂಲನ್ನು ಕೇಳಿಕೊಂಡು ಬಂದವರು ಲೋಕದಲ್ಲಿ ಅವರೊಬ್ಬರೇ, ಇಲ್ಲವೆನ್ನಲು ಮನಸ್ಸಾಗಲಿಲ್ಲ. ಕೊಟ್ಟೆ.

ಪ್ಯಾರಾಚೂಟಿನ ಕೊಡೆಗೆಂದು ಮಾಸ್ಟ್ರು ತಮ್ಮ ದೊಡ್ಡ ಬಿಳಿ ಕೈವಸ್ತ್ರವನ್ನು ತಂದರು. ಅದರ ಮೂಲೆಯಲ್ಲಿ ಪದ್ಮಾಕ್ಷಿ ಮದುವೆಯಾದ ಹೊಸತರಲ್ಲಿ ಕೆಂಪು ನೂಲಿನಿಂದ ಹೊಲಿದ ಒಂದು ಗಿಳಿ ಇತ್ತು. ಗಿಳಿಯೆಂದು ಅವರು ಹೇಳಿದ ಮೇಲೆ ಗೊತ್ತಾಗುತ್ತಿತ್ತು. ಹೇಳದಿದ್ದರೆ ಅದು ಚಪ್ಪಲಿ. ಕೆಳಗೆ ತೂಗಲು ಒಂದು ಹೊಳೆಕಲ್ಲು. ನುಣುಪು ಕಲ್ಲಿಗೆ ನೂಲು ನಿಲ್ಲದು, ಆದ್ದರಿಂದ ಅದನ್ನು ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿದರು. ದೂರದಿಂದ ಮಕ್ಕಳಿಗೆ ಕಾಣಬೇಕೆಂದು ಬಣ್ಣದ ಬಟ್ಟೆ ಹುಡುಕಿದಾಗ ಅಡಿಗೆಮನೆಯಲ್ಲಿ ಅರಸಿನ ಗಾಳಿಸುವ ತುಂಡುಬಟ್ಟೆ ಸಿಕ್ಕಿತು. ಹಳದಿ ಎಂದರೆ ಹಳದಿ.

ಇಲ್ಲಿ ಓದುವವರು ಸ್ವಲ್ಪ ನಿಲ್ಲಬೇಕು. ನಮ್ಮ ಸೀಮೆಯಲ್ಲಿ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಕಸಾಲೆಯಾದರೆ ದೇವರಿಗೆ ಹರಕೆ ಹೇಳಿ, ನೆನಪಿಗೆಂದು ಒಂದು ನಾಣ್ಯವನ್ನು ಅರಸಿನದ ಬಟ್ಟೆಯಲ್ಲಿ ಗಂಟು ಕಟ್ಟಿ ತೆಗೆದಿಡುತ್ತಾರೆ. ಅದೇ ಮುಡಿಪು. ಕಟ್ಟಿದ ಮುಡಿಪನ್ನು ದೇವರ ಸನ್ನಿಧಿಯಲ್ಲಲ್ಲದೆ ಬೇರೆಲ್ಲೂ ಬಿಚ್ಚುವ ಹಾಗಿಲ್ಲ. ಇದು ಮೂರು ವರ್ಷದ ಕೂಸಿಗೂ ಗೊತ್ತು. ರುಕ್ಮಯ್ಯ ಮಾಸ್ಟ್ರಿಗೂ ಗೊತ್ತಿತ್ತು, ಆದರೆ ಆ ಹೊತ್ತಿಗೆ ಅವರ ಮಂಡೆಯೊಳಗೆ ಗುರುತ್ವಾಕರ್ಷಣೆ ತುಂಬಿ ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಶಾಲೆಯ ಹಿಂದೆ ಒಂದು ದೊಡ್ಡ ಪಾದೆಕಲ್ಲು ಉಂಟು. ಸೋಮವಾರ ಮಧ್ಯಾಹ್ನದ ಮೇಲೆ ಮಕ್ಕಳನ್ನು ಕೆಳಗೆ ನನ್ನ ಜೊತೆ ಸಾಲಾಗಿ ನಿಲ್ಲಿಸಿ ಮಾಸ್ಟ್ರು ಅದರ ತುದಿಗೆ ಹತ್ತಿದರು. ಮೊದಲು ಖಾಲಿ ಕಲ್ಲು ಬಿಟ್ಟರು. ದೊಪ್ಪ.

"ಯಾಕೆ ಬಿತ್ತು?" ಎಂದು ಮೇಲಿಂದ ಕೇಳಿದರು.

"ನೀವು ಬಿಟ್ಟದ್ದಕ್ಕೆ ಸರ್," ಎಂದಳು ರುಕಿಯಾ ಎಂಬ ಹುಡುಗಿ. ಪೇಟೆಯ ಮೂಸಬ್ಬನ ಮಗಳು, ಕ್ಲಾಸಿಗೇ ಜಾಣೆ.

ಆಮೇಲೆ ಪ್ಯಾರಾಚೂಟು ಬಿಟ್ಟರು. ಕೈವಸ್ತ್ರ ಅರಳಿತು. ಗಾಳಿ ತಡೆಯಿತು. ಮಕ್ಕಳು ಹೋ ಎಂದರು. ಆ ಗಾಳಿ ತಡೆಯುವಷ್ಟಕ್ಕೆ ತನ್ನ ಕೆಲಸ ಮುಗಿಸಿದ್ದರೆ ಸಾಕಿತ್ತು. ಅದು ಪಡುವಣದಿಂದ ಬೀಸುತ್ತಿದ್ದ ಗಾಳಿ, ಹೊತ್ತುಕೊಂಡೂ ಹೋಯಿತು. ಪ್ಯಾರಾಚೂಟು ಮಕ್ಕಳ ತಲೆ ದಾಟಿ, ಬೇಲಿ ದಾಟಿ, ಗದ್ದೆ ದಾಟಿ, ಸುಬ್ಬಪ್ಪನವರ ಮನೆಯ ಅಂಗಳದ ಕಡೆಗೆ ನಿಧಾನವಾಗಿ ಇಳಿಯಿತು. ಪಾದೆಯ ಮೇಲೆ ಮಾಸ್ಟ್ರು ಬಾಯಿ ಬಿಟ್ಟುಕೊಂಡು ನಿಂತರು.

ನಾವಿಬ್ಬರೂ ಗದ್ದೆಯ ಹುಣಿಯಲ್ಲಿ ಓಡಿ ಅಂಗಳ ಸೇರುವಾಗ ಅಲ್ಲಿ ಆಗಲೇ ಜನ. ತುಳಸಿಕಟ್ಟೆಯ ಎದುರು ಹಳದಿ ಗಂಟು ಕೂತಿತ್ತು. ಅದರ ಮುಂದೆ ಸುಬ್ಬಪ್ಪನವರ ತಾಯಿ ಕಾವೇರಮ್ಮ ಕೈಮುಗಿದು ನಿಂತಿದ್ದರು. ಕೈವಸ್ತ್ರ ಮಾತ್ರ ಎಲ್ಲೂ ಇಲ್ಲ. ಚಪ್ಪರದ ಬಿದಿರಿಗೆ ತಾಗಿ ನಮ್ಮ ನೂಲು ತನ್ನ ಗುಣ ತೋರಿಸಿತ್ತು.

"ಅಮ್ಮಾ, ಅದು..." ಎಂದು ಮಾಸ್ಟ್ರು ಕೈ ಚಾಚಿದರು.

"ಮುಟ್ಟಬೇಡಿ," ಎಂದರು ಕಾವೇರಮ್ಮ. "ಮುಡಿಪು ಅದು. ಮೇಲಿಂದ ಬಂದದ್ದು. ನಾನು ಹಪ್ಪಳ ಒಣಗಿಸ್ತಾ ಇದ್ದೆ, ಕಣ್ಣಾರೆ ನೋಡಿದೆ."

ಅಂಗಡಿಯಿಂದ ಸುಬ್ಬಪ್ಪನವರು ಏದುಸಿರು ಬಿಡುತ್ತ ಬಂದರು. ಅವರದು ಭಾರಿ ದೇಹ. ಅವರು ಜಗಲಿಯಲ್ಲಿ ಕೂತರೆ ಇನ್ನಿಬ್ಬರಿಗೆ ಜಾಗವಿರುತ್ತಿರಲಿಲ್ಲ. ಗಂಟನ್ನು ನೋಡಿ ಅವರು ಹುಬ್ಬು ಗಂಟಿಕ್ಕಿದರು.

"ಯಾವ ಪೋಕರಿ ಬಿಸಾಡಿದ್ದು ಇದನ್ನು? ಸಿಕ್ಕಿದರೆ ಚರ್ಮ ಸುಲೀತೇನೆ."

ಚಾಚಿದ್ದ ಕೈಯನ್ನು ರುಕ್ಮಯ್ಯ ಮಾಸ್ಟ್ರು ಹಿಂದಕ್ಕೆ ತಂದು, ಅದರಿಂದಲೇ ತಲೆ ಕೆರೆದುಕೊಂಡರು.

"ಬಿಸಾಡಿದ್ದಾ?" ಎಂದರು ಕಾವೇರಮ್ಮ. "ಬಿಸಾಡಿದ ಕಲ್ಲು ದೊಪ್ಪ ಅಂತ ಬೀಳ್ತದೆ ಮಗಾ. ಇದು ಮೆಲ್ಲಗೆ, ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ ಬಂತು. ಯಾರೋ ಕೈಯಲ್ಲಿ ಹಿಡಿದು ಇಳಿಸಿದ್ದು ಇದು. ಮೇಲೆ ಬೆಳ್ಳಗೆ ಎಂತದೋ ಕಂಡ ಹಾಗೂ ಆಯ್ತು, ಆದರೆ ನನ್ನ ಕಣ್ಣಿಗೆ ಮಂಜು. ಹನ್ನೆರಡು ವರ್ಷದ ಹಿಂದೆ ನಿನಗೆ ಸನ್ನಿಪಾತ ಜ್ವರ ಬಂದಾಗ ಎಂತ ಹೇಳಿಕೊಂಡದ್ದು? ನೆನಪುಂಟಾ?"

ಸುಬ್ಬಪ್ಪನವರಿಗೆ ನೆನಪಿತ್ತು. ಊರಿಗೆಲ್ಲ ನೆನಪಿತ್ತು. ಮಗ ಬದುಕಿದರೆ ಧರ್ಮಸ್ಥಳದಲ್ಲಿ ಬೆಲ್ಲದ ತುಲಾಭಾರ ಮಾಡಿಸುತ್ತೇನೆಂದು ಆ ತಾಯಿ ಅಳುತ್ತ ಹರಕೆ ಹೇಳಿದ್ದರು. ಮಗ ಬದುಕಿದ. ಬದುಕಿದವನು ಪ್ರತಿ ವರ್ಷವೂ 'ಬರುವ ವರ್ಷ ನೋಡುವ' ಎನ್ನುತ್ತ ಬಂದ. ಆಗ ಜ್ವರಕ್ಕೆ ಸೊರಗಿ ಕಡ್ಡಿಯಾಗಿದ್ದ ಆಸಾಮಿಯನ್ನು ಒಂದು ಮೂಟೆಯಲ್ಲೇ ತೂಗಿ ಮುಗಿಸಬಹುದಿತ್ತು. ತಡಮಾಡಿದಷ್ಟೂ ಹರಕೆ ದಪ್ಪವಾಗುತ್ತಲೇ ಹೋಗಿತ್ತು.

"ರುಕ್ಮಯ್ಯ ಮಾಸ್ಟ್ರೇ," ಎಂದರು ಸುಬ್ಬಪ್ಪನವರು. "ನೀವು ವಿಜ್ಞಾನ ಕಲಿತವರು. ನೀವೇ ಹೇಳಿ. ಕಲ್ಲು ಹೀಗೆ ಮೆಲ್ಲಗೆ ಬೀಳ್ಲಿಕ್ಕುಂಟಾ?"

ಮಾಸ್ಟ್ರು ನನ್ನ ಮುಖ ನೋಡಿದರು. ನಾನು ತುಳಸಿಗಿಡ ನೋಡಿದೆ. ನಿಜ ಹೇಳಿದರೆ ಚರ್ಮ ಹೋಗುತ್ತದೆ, ಕೆಲಸ ಹೋಗುತ್ತದೆ, ಬಿಡಾರ ಹೋಗುತ್ತದೆ. ಸುಳ್ಳು ಹೇಳಿದರೆ ಮಂಗಳೂರಿನ ತರಬೇತಿಗೆ ದ್ರೋಹ. ಅವರು ಎರಡರ ನಡುವೆ ಒಂದು ಸಣ್ಣ ದಾರಿ ಹುಡುಕಿದರು.

"ಖಾಲಿ ಕಲ್ಲಾದರೆ... ಹಾಗೆ ಬೀಳ್ಲಿಕ್ಕಿಲ್ಲ."

"ಸಾಕು," ಎಂದರು ಕಾವೇರಮ್ಮ. "ಕಲಿತವರ ಬಾಯಿಯಲ್ಲೇ ಬಂತು."

ಮುಡಿಪು ದೇವರ ಕೋಣೆ ಸೇರಿತು. ಬಿಚ್ಚಿ ನೋಡುವ ಪ್ರಶ್ನೆಯೇ ಇರಲಿಲ್ಲ. ಪ್ಯಾರಾಚೂಟಿನ ಪಾಠವನ್ನು ಶಾಲೆಯ ಹೊರಗೆ ಯಾರೂ ಬಾಯಿಬಿಡಬಾರದೆಂದು ನಾನು ಮಕ್ಕಳಿಗೆ ತಾಕೀತು ಮಾಡಿದೆ. ಮಾಸ್ಟ್ರು ಮನೆಗೆ ಹೋಗಿ ಪದ್ಮಾಕ್ಷಿಗೆ ವಿಷಯ ತಿಳಿಸಿದರು.

"ಅಂದರೆ ನನ್ನ ಅರಸಿನದ ಬಟ್ಟೆಗೆ ಅಲ್ಲಿ ಪೂಜೆ ಆಗ್ತಾ ಉಂಟಾ?" ಎಂದರು ಆಕೆ. "ಆ ಕೈವಸ್ತ್ರ ಎಲ್ಲಿ? ಅದರಲ್ಲಿ ನನ್ನ ಗಿಳಿ ಉಂಟು. ಅದು ಅವರ ಕೈಗೆ ಸಿಕ್ಕಿದರೆ ನಾವು ಪಾತ್ರೆಪರಡಿ ಕಟ್ಟುವುದೇ ಸೈ."

ಅಲ್ಲಿಂದ ಮಾಸ್ಟ್ರಿಗೆ ಸುಬ್ಬಪ್ಪನವರ ಮನೆಯ ಸುತ್ತ ತಿರುಗುವುದೇ ಕೆಲಸವಾಯಿತು. ಹಟ್ಟಿಯ ಹಿಂದೆ, ಬಾಳೆಯ ಬುಡ, ಗೊಬ್ಬರದ ಗುಂಡಿ, ಎಲ್ಲ ಕಡೆ ಇಣುಕಿದರು. ಗಿಳಿ ಸಿಗಲಿಲ್ಲ. ಮಾಸ್ಟ್ರು ಆಕಾಶ ನೋಡುತ್ತ ಮನೆಗೆ ಪ್ರದಕ್ಷಿಣೆ ಬರುವುದನ್ನು ಕಂಡು ಊರವರು, "ಪಾಪ, ಅವರಿಗೂ ಭಕ್ತಿ ಹುಟ್ಟಿತು," ಎಂದರು.

ಊರಿನಲ್ಲಿ ಹುಟ್ಟಿದ್ದು ಭಕ್ತಿಗಿಂತ ಹೆಚ್ಚಾಗಿ ಗಾಬರಿ. ಹರಕೆ ಬಾಕಿ ಇಲ್ಲದ ಮನೆ ಯಾವುದುಂಟು? ಸುಬ್ಬಪ್ಪನವರಂಥವರನ್ನೇ ಮೇಲಿನವರು ಬಿಡಲಿಲ್ಲ ಎಂದ ಮೇಲೆ ನಮ್ಮನ್ನು ಬಿಡುತ್ತಾರೆಯೇ? ಧರ್ಮಸ್ಥಳದ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲದಾಯಿತು. ಎಂದೋ ಹೇಳಿಕೊಂಡ ಮುಡಿ ಒಪ್ಪಿಸಲು ಹೋದ ನಮ್ಮ ಹೆಡ್ ಮಾಸ್ಟ್ರು ಬೋಳು ಮಂಡೆಯಲ್ಲಿ ಬಂದು ಹಾಜರಿ ಕರೆದಾಗ ಒಂದನೆಯ ಕ್ಲಾಸಿನ ಮಕ್ಕಳು ಹೆದರಿ ಅತ್ತವು. ಸುಬ್ಬಪ್ಪನವರ ಅಂಗಡಿಯ ಎದುರು ಒಣಮೀನು ಮಾರುವ ಮೂಸಬ್ಬ ಕೂಡ ಅಂಗಡಿಗೆ ಬಾಗಿಲು ಹಾಕಿ ಹೊರಟು ನಿಂತಿದ್ದ.

"ನೀವೂ ಎಲ್ಲಿಗೆ ಮಾರಾಯ್ರೇ?" ಎಂದು ಕೇಳಿದೆ.

"ಉಳ್ಳಾಲದ ದರ್ಗಕ್ಕೆ. ನಮ್ಮದೂ ಒಂದು ಹಳೇ ಹರಕೆ ಉಂಟು ಮಾಸ್ಟ್ರೇ," ಎಂದ ಮೂಸಬ್ಬ. "ನಮ್ಮ ಹಂಚಿನ ಮಾಡು ಹಳತು. ನಮ್ಮಲ್ಲಿಗೆ ಗಂಟು ಬರುವ ಮೊದಲೇ ಹೋಗಿ ಬರುವುದು ಒಳ್ಳೇದಲ್ವಾ?"

ಸುಬ್ಬಪ್ಪನವರು ಮಾತ್ರ ಬೇರೆ ದಾರಿ ಹಿಡಿದರು. ತುಲಾಭಾರಕ್ಕೆ ದಿನ ಗೊತ್ತಾದದ್ದೇ ತಡ, ಊಟ ಬಿಟ್ಟರು. ದೇವರ ಕಾರ್ಯಕ್ಕೆ ಉಪವಾಸವೆಂದು ಊರಿಗೆ ಹೇಳಿದರು. ಬೆಳಗ್ಗೆ ಒಂದು ಲೋಟ ಮಜ್ಜಿಗೆ, ಸಂಜೆ ಅಂಗಡಿಯ ಅಕ್ಕಿ ಚೀಲದ ತಕ್ಕಡಿಯಲ್ಲಿ ಕದ್ದು ಕೂತು ಪರೀಕ್ಷೆ. ಎಷ್ಟು ಉಪವಾಸ ಮಾಡಿದರೂ ಮುಳ್ಳು ಜಗ್ಗದು. ಕೊನೆಗೆ ರುಕ್ಮಯ್ಯ ಮಾಸ್ಟ್ರನ್ನು ಅಂಗಡಿಯ ಒಳಕೋಣೆಗೆ ಕರೆಸಿದರು. ಜೊತೆಗೆ ನಾನೂ ಹೋದೆ.

"ಮಾಸ್ಟ್ರೇ, ಈ ಭಾರ ಅಂದರೆ ಎಂತ? ಎಲ್ಲಿಂದ ಬರ್ತದೆ ಅದು?"

ಮಾಸ್ಟ್ರಿಗೆ ಜೀವ ಬಂತು. ತರಬೇತಿಯಲ್ಲಿ ಕಲಿತದ್ದನ್ನು ಒಬ್ಬರು ಬಾಯಾರೆ ಕೇಳಿದ್ದು ಅದೇ ಮೊದಲು. "ಭೂಮಿ ನಮ್ಮನ್ನು ಎಳೀತದೆ ಸುಬ್ಬಪ್ಪಣ್ಣ, ಅದೇ ಭಾರ. ಎತ್ತರಕ್ಕೆ ಹೋದ ಹಾಗೆ ಎಳೆತ ಕಡಿಮೆ, ಭಾರವೂ ಕಡಿಮೆ."

"ಹೌದಾ? ಹಾಗಾದ್ರೆ ಗಡಾಯಿಕಲ್ಲಿನ ತುದಿಯಲ್ಲಿ ತೂಗಿದರೆ?" ಗಡಾಯಿಕಲ್ಲು ಎಂದರೆ ಬೆಳ್ತಂಗಡಿಯ ಆಚೆ ನೆಟ್ಟಗೆ ಎದ್ದು ನಿಂತ ಬಂಡೆಬೆಟ್ಟ. ಮಂಗಗಳೂ ಯೋಚನೆ ಮಾಡಿ ಹತ್ತುವಂಥದು.

"ಕಡಿಮೆ ಆಗ್ತದೆ."

"ಎಷ್ಟು?"

"ಒಂದು... ಸಾಸಿವೆಕಾಳಿನಷ್ಟು. ಎರಡೂ ಆಗಬಹುದು."

ಸುಬ್ಬಪ್ಪನವರು ಕಣ್ಣು ಮುಚ್ಚಿ ಯೋಚಿಸಿದರು. ಹಸಿದ ಹೊಟ್ಟೆಯಲ್ಲೂ ಅವರು ತಕ್ಕಡಿ ಹಿಡಿದು ಬೆಳೆದ ವರ್ತಕರು. "ಅಲ್ಲ ಮಾಸ್ಟ್ರೇ, ಅಲ್ಲಿ ನಾನು ಹಗುರ ಆದರೆ ಆಚೆ ತಟ್ಟೆಯ ಬೆಲ್ಲವೂ ಹಗುರ ಆಗ್ತದಲ್ಲ? ಮತ್ತೆ ನಾನು ಆ ಬೆಟ್ಟ ಹತ್ತಿ ಸಾಯುವುದು ಯಾಕೆ?"

ಈ ಸಂಗತಿ ಮಂಗಳೂರಿನಲ್ಲಿ ಯಾರೂ ಹೇಳಿರಲಿಲ್ಲ.

ಅಂತೂ ತುಲಾಭಾರದ ದಿನ ಬಂತು. ನಾವು ಅರ್ಧ ಊರು ಅದೇ ಬಸ್ಸಿನಲ್ಲಿ ಹೋದೆವು. ರುಕ್ಮಯ್ಯ ಮಾಸ್ಟ್ರನ್ನು 'ಕಲ್ಲು ಮೆಲ್ಲಗೆ ಬೀಳ್ಲಿಕ್ಕಿಲ್ಲ ಅಂತ ಹೇಳಿದವರು ಇವರೇ' ಎಂದು ತೋರಿಸಲಿಕ್ಕೆ ಮುಂದಿನ ಸೀಟಿನಲ್ಲಿ ಕೂರಿಸಿದ್ದರು. ಕಾವೇರಮ್ಮ ಮಗನ ಪಕ್ಕದಲ್ಲಿದ್ದರು. ಅವರ ಕಾಲ ಬುಡದಲ್ಲಿ ಒಂದು ಗೊನೆ ಎಳನೀರಿನ ಬೊಂಡ.

"ಬಿಸಿಲು ಮಗಾ, ಬಾಯಿ ಒಣಗ್ತದೆ. ಕುಡಿ," ಎಂದು ಒಂದು ಕೆತ್ತಿಸಿ ಕೊಟ್ಟರು. ಉಜಿರೆ ಬರುವಾಗ ಇನ್ನೊಂದು. ಇಳಿಯುವಾಗ ಮತ್ತೊಂದು. ಹಸಿದಿದ್ದ ಸುಬ್ಬಪ್ಪನವರು ಎಲ್ಲವನ್ನೂ ಕುಡಿದರು. ಕುಡಿದದ್ದೆಲ್ಲ ತಟ್ಟೆಯಲ್ಲಿ ಲೆಕ್ಕಕ್ಕೆ ಬರುತ್ತದೆಂದು ಹೊಳೆದದ್ದು ತಕ್ಕಡಿಯಲ್ಲಿ ಕೂತ ಮೇಲೆ. ಆಚೆ ಬದಿಗೆ ಬೆಲ್ಲದ ಮೇಲೆ ಬೆಲ್ಲ ಏರಿತು. ಅವರು ಉಸಿರು ಬಿಗಿಹಿಡಿದು ಕೂತರು. ತಟ್ಟೆ ಏಳಲಿಲ್ಲ. ಕೊನೆಯ ಅಚ್ಚು ಬಿದ್ದು ತಕ್ಕಡಿ ಸಮವಾದಾಗ ಕಾವೇರಮ್ಮನ ಕಣ್ಣಲ್ಲಿ ನೀರು ಬಂತು.

ಊರಿಗೆ ಮರಳಿದ ಮೇಲೆ ಸುಬ್ಬಪ್ಪನವರ ಮರ್ಯಾದೆ ಎರಡಾಳೆತ್ತರ ಏರಿತು. ದೇವರೇ ನೆನಪು ಮಾಡಿದ ಮನುಷ್ಯ ಎಂದರೆ ಸಣ್ಣ ಮಾತಲ್ಲ. ಅವರೂ ಯಾರು ಬೇಳೆ ಕೊಳ್ಳಲು ಬಂದರೂ ಆ ಕಥೆ ಹೇಳದೆ ಪೊಟ್ಟಣ ಕಟ್ಟುತ್ತಿರಲಿಲ್ಲ. ಕಥೆಯಲ್ಲಿ ಮುಡಿಪು ದಿನದಿಂದ ದಿನಕ್ಕೆ ಇನ್ನಷ್ಟು ಮೆಲ್ಲಗೆ ಇಳಿಯತೊಡಗಿತು.

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬಂದರು.

ಶಾಲೆಯ ಹಿಂದೆ, ಪಾದೆಯ ಎದುರಿಗೇ ಕುರ್ಚಿ, ಮೇಜು, ಹೂದಾನಿ. ಇನ್‌ಸ್ಪೆಕ್ಟರ ಪಕ್ಕದಲ್ಲಿ ಮೆನೇಜರು ಸುಬ್ಬಪ್ಪನವರು. ಹಿಂದೆ ಪಾಯಸದ ಪಾತ್ರೆಯ ಹತ್ತಿರ ಕಾವೇರಮ್ಮ. ರುಕ್ಮಯ್ಯ ಮಾಸ್ಟ್ರು ಅಯಸ್ಕಾಂತ ಮತ್ತು ಸೂಜಿ ಹಿಡಿದು ನಿಂತಿದ್ದರು. ಪ್ಯಾರಾಚೂಟಿನ ಹೆಸರೆತ್ತುವುದಿಲ್ಲವೆಂದು ಅವರು ಹೆಂಡತಿಯ ಎದುರು ಆಣೆ ಹಾಕಿ ಬಂದಿದ್ದರು.

"ಅಯಸ್ಕಾಂತ ಎಲ್ಲ ಶಾಲೆಯಲ್ಲೂ ನೋಡಿದೆ," ಎಂದರು ಇನ್‌ಸ್ಪೆಕ್ಟರು. "ತರಬೇತಿಯಲ್ಲಿ ಗುರುತ್ವಾಕರ್ಷಣೆ ಕಲಿಸಿದ್ದಾರಲ್ಲ? ಅದರ ಪ್ರಯೋಗ ತೋರಿಸಿ."

"ಸರ್, ಸಾಮಾನು ಇಲ್ಲ ಸರ್."

"ಉಂಟು ಸರ್," ಎಂದು ರುಕಿಯಾ ಎದ್ದು ನಿಂತಳು. "ನಾವು ಎಲ್ಲರೂ ಪ್ಯಾರಾಚೂಟು ಮಾಡಿದ್ದೇವೆ."

ಮಾಸ್ಟ್ರು ಬೇಡವೆಂದು ಕಣ್ಣುಸನ್ನೆ ಮಾಡಿದರು. ಹುಡುಗಿ ಅದನ್ನು ಅಪ್ಪಣೆಯೆಂದು ತಿಳಿದು ಪಾದೆ ಹತ್ತಿದಳು. ಆ ದಿನ ಗಾಳಿ ಬಹಳ ಕಡಿಮೆ. ಬಟ್ಟೆ ಅರಳಿ, ಗಂಟು ತೂಗುತ್ತ, ಯಾರ ಅವಸರವೂ ಇಲ್ಲದೆ ಇಳಿದು ಬಂತು. ಬಂದು ಸುಬ್ಬಪ್ಪನವರ ಕಾಲ ಬಳಿಯಲ್ಲೇ ಕೂತಿತು. ಮಾಸ್ಟ್ರು ಕಲಿಸಿದ್ದನ್ನು ಚಾಚೂ ತಪ್ಪದೆ ಕಲಿತ ಮಕ್ಕಳು ಕಲ್ಲನ್ನು ಅರಸಿನದ ಬಟ್ಟೆಯಲ್ಲೇ ಕಟ್ಟಿದ್ದರು.

ಸುಬ್ಬಪ್ಪನವರು ಗಂಟನ್ನು ನೋಡಿದರು. ಪಾದೆಯನ್ನು ನೋಡಿದರು. ಅಲ್ಲಿಂದ ಗದ್ದೆಯಾಚೆಯ ತಮ್ಮ ಮನೆಯ ಅಂಗಳವನ್ನು ಕಣ್ಣಲ್ಲೇ ಅಳೆದರು. ಮುಖ ಕೆಂಪಾಯಿತು. ಕುರ್ಚಿಯ ಕೈ ಹಿಡಿದು ಏಳತೊಡಗಿದರು.

"ಮಾಸ್ಟ್ರೇ. ಅವತ್ತು ನಮ್ಮಲ್ಲಿಗೆ ಬಂದದ್ದು..."

ರುಕ್ಮಯ್ಯ ಮಾಸ್ಟ್ರ ಕೈಯಿಂದ ಸೂಜಿ ಬಿತ್ತು. ಈ ಸಲ ಅವರು ಗುರುತ್ವಾಕರ್ಷಣೆ ಎನ್ನಲಿಲ್ಲ. ಮನಸ್ಸಿನಲ್ಲೇ ಪಾತ್ರೆಪರಡಿ ಕಟ್ಟುತ್ತಿದ್ದರು.

"ಅದನ್ನು ನೋಡಿಯೇ ಮಾಸ್ಟ್ರು ಇದನ್ನು ಮಾಡಿದ್ದು ಮಗಾ," ಎಂದು ಹಿಂದಿನಿಂದ ಸ್ವರ ಬಂತು. ಕಾವೇರಮ್ಮ ಸೌಟು ಹಿಡಿದುಕೊಂಡೇ ಮುಂದೆ ಬಂದಿದ್ದರು. "ಅವತ್ತು ನಮ್ಮ ಅಂಗಳಕ್ಕೆ ಓಡಿ ಬಂದು ನೋಡಿದವರು ಅವರೇ ಅಲ್ವಾ? ದೇವರು ಇಳಿಸಿದ್ದು ಹೇಗೆ ಅಂತ ಮಕ್ಕಳಿಗೆ ತಿಳಿಯಲಿ ಅಂತ ಅದರ ಹಾಗೆಯೇ ಮಾಡಿ ತೋರಿಸಿದ್ದಾರೆ. ಅಲ್ವಾ ಮಾಸ್ಟ್ರೇ?"

ಇನ್‌ಸ್ಪೆಕ್ಟರು ಕನ್ನಡಕ ಸರಿಮಾಡಿಕೊಂಡು ಮಾಸ್ಟ್ರ ಕಡೆ ತಿರುಗಿದರು. "ಏನಿದು? ನೀವು ಯಾವುದನ್ನೋ ಕಣ್ಣಾರೆ ನೋಡಿ, ಅದರಿಂದ ಪಾಠ ಮಾಡಿದ್ದೀರಾ?"

ರುಕ್ಮಯ್ಯ ಮಾಸ್ಟ್ರು ಒಮ್ಮೆ ಮೆನೇಜರನ್ನು ನೋಡಿದರು, ಒಮ್ಮೆ ತಮ್ಮ ಬಿಡಾರದ ಮಾಡನ್ನು ನೋಡಿದರು. ಇಡೀ ಊರಿನಲ್ಲಿ ತಾನೇ ಕಂಡುಹಿಡಿದು ಮಾಡಿದ ಒಂದೇ ಒಂದು ಪ್ರಯೋಗವನ್ನು ಅವರು ದೇವರಿಗೆ ಬಿಟ್ಟುಕೊಟ್ಟರು.

"ಹೌದು ಸರ್. ನೋಡಿ ಕಲೀಬೇಕು ಅಂತ ತರಬೇತಿಯಲ್ಲಿ ಹೇಳಿದ್ದಾರೆ ಸರ್."

"ಭೇಷ್," ಎಂದರು ಇನ್‌ಸ್ಪೆಕ್ಟರು. "ಪುಸ್ತಕ ನೋಡಿ ಪಾಠ ಮಾಡುವವರೇ ಎಲ್ಲ ಕಡೆ. ಸುತ್ತಮುತ್ತ ನೋಡಿ ಮಾಡುವವರು ಎಲ್ಲಿದ್ದಾರೆ? ಮೆನೇಜರೇ, ಇವರನ್ನು ಬಿಡಬೇಡಿ."

ಅರ್ಧ ಎದ್ದಿದ್ದ ಸುಬ್ಬಪ್ಪನವರು ಏಳುವುದೋ ಕೂರುವುದೋ ಎಂದು ಒಂದು ಗಳಿಗೆ ಯೋಚಿಸಿದರು. ಎದ್ದರೆ, ಹುಡುಗರ ಕಲ್ಲಿಗೆ ಅಷ್ಟು ಬೆಲ್ಲ ತೂಗಿದವನೆಂದು ಪೇಟೆಯೆಲ್ಲ ನಗುತ್ತದೆ. ಕೂತರೆ, ದೇವರು ಕರೆದ ಮನುಷ್ಯ. ಅವರು ಕೂತರು.

"ಇದು ಪರವಾಗಿಲ್ಲ," ಎಂದರು ಇನ್‌ಸ್ಪೆಕ್ಟರಿಗೆ. "ಆದರೆ ನಮ್ಮಲ್ಲಿಗೆ ಬಂದದ್ದು ಇನ್ನೂ ಮೆಲ್ಲಗೆ ಬಂದಿತ್ತು."

ಸಂಜೆ ಪಾಯಸದ ಪಾತ್ರೆ ಮುಟ್ಟಿಸುವ ನೆಪದಲ್ಲಿ ಕಾವೇರಮ್ಮ ನಮ್ಮಿಬ್ಬರನ್ನೂ ಮನೆಗೆ ಕರೆದರು. ಅಂಗಳದಲ್ಲಿ ಯಾರೂ ಇರಲಿಲ್ಲ. ಅವರು ಸೆರಗಿನ ಅಡಿಯಿಂದ ಒಗೆದು ಮಡಚಿದ ಒಂದು ಬಿಳಿ ಬಟ್ಟೆ ತೆಗೆದು ಮಾಸ್ಟ್ರ ಕೈಯಲ್ಲಿಟ್ಟರು. ಮೂಲೆಯಲ್ಲಿ ಕೆಂಪು ಗಿಳಿ.

ಮಾಸ್ಟ್ರು ಗಿಳಿಯ ಮೇಲೆ ಬೆರಳಿಟ್ಟರು. "ಅಮ್ಮಾ, ಇದು ಯಾವಾಗ ಸಿಕ್ಕಿತು?"

"ಅದೇ ದಿನ, ನೀವು ಅತ್ತ ಹೋದ ಮೇಲೆ. ಹಟ್ಟಿಯ ಮಾಡಿನ ಮೇಲಿತ್ತು. ಇಂಥ ಚಪ್ಪಲಿ ಹೊಲಿಯುವವರು ಈ ಊರಲ್ಲಿ ನಿಮ್ಮ ಪದ್ಮಾಕ್ಷಿ ಒಬ್ಬಳೇ ಅಲ್ವಾ?"

"ಹಾಗಾದ್ರೆ ನಿಮಗೆ..."

"ಹನ್ನೆರಡು ವರ್ಷ ಬಾಯಿಯಲ್ಲಿ ಹೇಳಿದೆ, ಮಗ ಕೇಳಲಿಲ್ಲ," ಎಂದರು ಕಾವೇರಮ್ಮ. "ಹರಕೆ ಹೊತ್ತವಳು ನಾನು. ಅದನ್ನು ಬಾಕಿ ಇಟ್ಟು ಸತ್ತರೆ ಅಲ್ಲಿ ಹೋಗಿ ಮುಖ ತೋರಿಸುವುದು ಹೇಗೆ ಅಂತ ದಿನಾ ಹೆದರಿಕೆ. ಅವತ್ತು ನಿಮ್ಮ ಕಲ್ಲು ಬಂದು ಕೂತಿತು. ಅದನ್ನು ಬಿಟ್ಟದ್ದು ನಿಮ್ಮ ಕೈ ಇರಬಹುದು. ಗಾಳಿಯನ್ನು ನಮ್ಮ ಅಂಗಳಕ್ಕೆ ತಿರುಗಿಸಿದ್ದೂ ನೀವೇಯಾ?"

ಮಾಸ್ಟ್ರು ಅಲ್ಲವೆಂದು ತಲೆಯಾಡಿಸಿದರು. ಕೈವಸ್ತ್ರವನ್ನು ಕಿಸೆಗೆ ಸೇರಿಸಿ, ಬದುಕಿದೆನೆಂದು ಉಸಿರುಬಿಟ್ಟು ಹೊರಟರು. ನಾವು ಬೇಲಿಯ ತಡಮೆ ದಾಟುವಷ್ಟರಲ್ಲಿ ಹಿಂದಿನಿಂದ ಮತ್ತೆ ಕರೆ ಬಂತು.

"ಮಾಸ್ಟ್ರೇ, ಒಂದು ಮಾತು. ಬೆಳ್ತಂಗಡಿಯಲ್ಲಿ ನನ್ನ ಅಳಿಯ ಇದ್ದಾನೆ. ಅವನದ್ದೂ ಒಂದು ಬಾಕಿ ಉಂಟು." ಕಾವೇರಮ್ಮ ಹಣೆಗೆ ಕೈ ಅಡ್ಡ ಹಿಡಿದು ಪಾದೆಕಲ್ಲಿನ ತುದಿಯನ್ನೇ ನೋಡುತ್ತಿದ್ದರು. "ನಿಮ್ಮ ಗಾಳಿ ಅಲ್ಲಿಯವರೆಗೆ ಹೋಗ್ತದಾ?"